ಓಬಳೇಶನ ಒಣ ಮೆಸೇಜು

ಇಗೋ ಮೇಡಂ, ನನ್ನ ಫೋನು. ಇಗೋ, ನಿನ್ನೆಯ ಪೇಪರು. ಪೇಪರು ಹಾಸಿ ಅದರ ಮೇಲೆ ಫೋನಿಟ್ಟೆ, ರೆಕಾರ್ಡಿಂಗ್ ಒತ್ತಿದೆ. ನಮ್ಮೂರಲ್ಲಿ ಪ್ರಮಾಣ ಮಾಡುವುದೆಂದರೆ ಇಷ್ಟೇ. ದೇವರ ಮೇಲೆ ಆಣೆ ಇಡುವುದು, ಮಕ್ಕಳ ತಲೆ ಮುಟ್ಟುವುದು ಎಲ್ಲ ಬಿಟ್ಟು ಎಷ್ಟೋ ಕಾಲವಾಯಿತು. ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಪೇಪರು ಒದ್ದೆಯಾಗುತ್ತದೆ. ಒದ್ದೆಯಾದರೆ ನೀವು ಎದ್ದು ಹೋಗಿ, ನಾನೇನೂ ಅಂದುಕೊಳ್ಳುವುದಿಲ್ಲ. ನಲವತ್ತೊಂಬತ್ತು ವರ್ಷದ ಜೀವನದಲ್ಲಿ ನಾನು ಯಾರಿಗೂ ಸುಳ್ಳು ಹೇಳಿದವನಲ್ಲ. ಛೆ, ಇದೊಂದು ಹನಿ ಹಳೆಯದು ಮೇಡಂ, ಒರೆಸಿಬಿಡುತ್ತೇನೆ. ಇನ್ನೊಂದು ಬಂತೇ? ಸರಿ. ಹೇಳಿದ್ದೇನೆ, ಬೇಕಾದಷ್ಟು ಹೇಳಿದ್ದೇನೆ. ವಯಸ್ಸೂ ಐವತ್ತಮೂರು. ಈಗ ಮುಟ್ಟಿ ನೋಡಿ, ಒಣಗಿದೆ.

ನೀವು ಬಂದಾಗಿನಿಂದ ಎರಡು ಪ್ರಶ್ನೆ ಕೇಳಿದ್ದೀರಿ. ನೀರಿನ ಆಫೀಸಿನವರಾಗಿ ಒಂದು: ಈ ಊರಿನಲ್ಲಿ ಕೆರೆಯಿಲ್ಲ, ಟ್ಯಾಂಕಿಲ್ಲ, ಇದ್ದೊಂದು ಬೋರು ಬತ್ತಿ ಒಂಬತ್ತು ವರ್ಷವಾಯಿತು, ಆದರೂ ನೀರಿಗಾಗಿ ಒಂದೇ ಒಂದು ಅರ್ಜಿ ಯಾಕೆ ಬಂದಿಲ್ಲ? ಹಸಿದವರಾಗಿ ಇನ್ನೊಂದು: ಈ ಹೋಟೆಲಿನ ಬೋರ್ಡಿನ ಮೇಲೆ ಕೊನೆಯ ಸಾಲಿನಲ್ಲಿ ‘ಓಬಳೇಶ ದೋಸೆ’ ಎಂದಿದೆಯಲ್ಲ, ಅದೇನು? ಎರಡಕ್ಕೂ ಉತ್ತರ ಒಂದೇ ಕಥೆಯಲ್ಲಿದೆ. ಓಬಳೇಶ ಎಂದರೆ ನಾನೇ. ದೋಸೆ ಹೇಳಿದ್ದೀರಿ ತಾನೆ? ಬರುವುದು ತಡ. ಕೇಳಿ.

ನಮ್ಮೂರಲ್ಲಿ ಫೋನಿಗೆ ಸುಳ್ಳು ಬಂದರೆ ಫೋನು ಸೋರುತ್ತದೆ. ‘ಹೊರಟೆ, ದಾರಿಯಲ್ಲಿದ್ದೀನಿ’ ಎಂದು ಚಾಪೆಯ ಮೇಲೆ ಮಲಗಿಕೊಂಡೇ ಬರೆದರೆ ಎರಡು ಹನಿ. ‘ಬೆಂಡೆಕಾಯಿ ನೆನೆಸಿದ ನೀರು ಕುಡಿದರೆ ಕನ್ನಡಕ ಬೇಡ’ ಎಂದರೆ ಒಂದು ಚೊಂಬು. ‘ಇದನ್ನು ಹನ್ನೊಂದು ಜನರಿಗೆ ಕಳಿಸಿ, ಸಂಜೆಯೊಳಗೆ ಶುಭಸುದ್ದಿ’ ಎಂದರೆ ಒಂದು ಕೊಡ, ಅದೂ ತುಂಬಿ ತುಳುಕುವಷ್ಟು. ಹಾಗಾಗಿ ಪ್ರತಿ ಮನೆಯ ಬಚ್ಚಲಲ್ಲೂ ಒಂದು ಮೊಳೆ, ಮೊಳೆಗೊಂದು ಫೋನು, ಫೋನಿನ ಕೆಳಗೊಂದು ಹಂಡೆ. ನೀರು ಸಾಲದ ಹೆಂಗಸರು ಹೊರಊರುಗಳ ಆರೋಗ್ಯದ ಗ್ರೂಪುಗಳನ್ನು ಹುಡುಕಿ ಹುಡುಕಿ ಸೇರುತ್ತಾರೆ. ಎಲೆಕ್ಷನ್ ಬಂತೆಂದರೆ ಕಂಬಳಿ, ಜಮಖಾನೆ, ವರ್ಷದಿಂದ ತೊಳೆಯದ ಗೋಣಿತಾಟು ಎಲ್ಲ ಹೊರಗೆ ಬರುತ್ತವೆ. ಹುಡುಗನ ಬಯೋಡೇಟಾ ಬಂದರೆ ಹೆಣ್ಣಿನ ಕಡೆಯವರು ಮೊದಲು ಫೋನಿನ ಕೆಳಗೆ ತಟ್ಟೆ ಇಡುತ್ತಾರೆ. ಎತ್ತರದ ವಿಷಯದಲ್ಲಿ ಸ್ವಲ್ಪ ನೀರು ಬರುವುದು ಮಾಮೂಲು, ಅದಕ್ಕೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಕೆಲಸದ ವಿಷಯದಲ್ಲಿ ಬಂದರೆ ಮಾತ್ರ ಕಾಫಿ ಕೊಟ್ಟು ಕಳಿಸುತ್ತಾರೆ. ನನ್ನ ಹೆಂಡತಿ ಹಾಲಮ್ಮನಿಗೆ ಬಿಂದಿಗೆ ತುಂಬಬೇಕೆನಿಸಿದಾಗ ‘ಎಲ್ಲಿದ್ದೀರಿ?’ ಎಂದು ನನಗೊಂದು ಮೆಸೇಜು ಹಾಕುತ್ತಾಳೆ. ನನ್ನ ಉತ್ತರ ಹೋಗುವ ಹೊತ್ತಿಗೆ ಬಿಂದಿಗೆ ಇಟ್ಟು ಕಾಯುತ್ತಿರುತ್ತಾಳೆ.

ನನ್ನದು ಎದುರಿಗೆ ಕಾಣುತ್ತಿದೆಯಲ್ಲ, ನೀಲಿ ಬಾಗಿಲಿನ ಅಕ್ಕಿ ಅಂಗಡಿ. ಅಕ್ಕಿ ಮಾರುವುದು ಅರ್ಧ ಕೆಲಸ. ತುಂಬಾ ನೆನೆದು ಬಾಯಿ ಕಟ್ಟಿದ ಫೋನುಗಳನ್ನು ಅಕ್ಕಿ ಡಬ್ಬದಲ್ಲಿ ಹುಗಿದು ಒಣಗಿಸಿ ಕೊಡುವುದು ಇನ್ನರ್ಧ. ಮತ್ತೆ, ಹೇಳಿಕೊಳ್ಳಬಾರದು, ಊರಿನ ನೀರಿಗೆ ನನ್ನ ಸೇವೆಯೂ ಸ್ವಲ್ಪ ಇದೆ. ‘ಊರ ಕಟ್ಟೆ’ ಎಂಬ ನಮ್ಮ ಗ್ರೂಪಿನಲ್ಲಿ ನಾನು ದಿನಾ ಬೆಳಿಗ್ಗೆ ಏನಾದರೂ ಒಂದು ಬರೆಯುತ್ತಿದ್ದೆ. ಚಿರತೆಗೆ ಛತ್ರಿ ತೋರಿಸಿ ಓಡಿಸಿದ್ದು, ಒಂದೇ ಉಸಿರಿಗೆ ನಲವತ್ತು ಇಡ್ಲಿ ತಿಂದದ್ದು, ಹೀಗೆ. ‘ಶುಭೋದಯ, ಇವತ್ತು ಸೂರ್ಯನಿಗಿಂತ ಮೊದಲು ಎದ್ದೆ’ ಎಂದು ಬರೆದ ದಿನ ಚನ್ನಬಸಯ್ಯ ಮೇಷ್ಟ್ರ ಮಲ್ಲಿಗೆ ಬಳ್ಳಿ ಬುಡದವರೆಗೆ ನೆನೆಯುತ್ತಿತ್ತು.

ಈ ಮೇಷ್ಟ್ರು ರಿಟೈರಾದವರು, ಗ್ರೂಪಿಗೆ ಯಜಮಾನರು. ಯಾವ ಸುದ್ದಿ ಬಂದರೂ ಫೋನಿನ ಗಾಜಿನ ಮೇಲೆ ಹೆಬ್ಬೆರಳು ಎಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ‘ಒಣ’ ಅಥವಾ ‘ಹಸಿ’ ಎಂದು ಬರೆಯುತ್ತಿದ್ದರು. ಅಲ್ಲಿಗೆ ಮುಗಿಯಿತು. ನಿಜವಾ ಎಂದು ಕೇಳುವ ಅಭ್ಯಾಸವೇ ನಮ್ಮೂರಿಗೆ ತಪ್ಪಿಹೋಗಿತ್ತು. ಒಣಗಿದೆಯಾ ಎಂದು ಕೇಳುತ್ತಿದ್ದೆವು. ಒಣಗಿದ್ದರೆ ಮುಂದಕ್ಕೆ ಕಳಿಸುತ್ತಿದ್ದೆವು, ಹಸಿಯಿದ್ದರೆ ಗಿಡಕ್ಕೆ ಹಾಕುತ್ತಿದ್ದೆವು.

ಹೋದ ವರ್ಷ ಬೇಸಿಗೆಯ ಒಂದು ಸೋಮವಾರ, ಇದೇ ಬೆಂಚಿನ ಮೇಲೆ ನಾನು ಕೂತಿದ್ದೆ. ಪಕ್ಕದಲ್ಲಿ ಲಗೇಜ್ ಆಟೋದ ಜಬ್ಬಾರ. ಒಲೆಯ ಹತ್ತಿರ ತಿಪ್ಪಮ್ಮ. ಹೋಟೆಲು ಅವಳದ್ದೇ, ಇಪ್ಪತ್ತೆರಡು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಾಳೆ. ಕೈಯಲ್ಲಿ ಗುಂಡಿ ಒತ್ತುವ ಹಳೆಯ ಫೋನು, ಮಾತಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಾರದ್ದು. ನಾನು ಗ್ರೂಪಿಗೆ ಏನೋ ಬರೆಯುತ್ತಿದ್ದೆ. ಜಬ್ಬಾರ ಸದ್ದಿಲ್ಲದೆ ತನ್ನ ಖಾಲಿ ಲೋಟವನ್ನು ನನ್ನ ಫೋನಿನ ಕೆಳಗೆ ಹಿಡಿದ.

“ಓಬಳೇಶಣ್ಣ,” ಎಂದಳು ತಿಪ್ಪಮ್ಮ, ತಿರುಗಿ ನೋಡದೆ. “ಹುಟ್ಟಿದಾಗಿಂದ ಒಂದಾದ್ರೂ ಒಣ ಮೆಸೇಜ್ ಹಾಕಿದ್ದೀಯಾ? ಹಾಕಿದ್ರೆ ನಮಗೂ ತೋರ್ಸು, ಸಾಯೋದ್ರೊಳಗೆ ನೋಡ್ಬಿಡಾಣ.”

“ಮನಸ್ಸು ಮಾಡಿದ್ರೆ ಊರೇ ಬಾಯಿ ಒಣಗಿ ಕೂರ್ಬೇಕು, ಹಂಗೆ ಹಾಕ್ತೀನಿ,” ಎಂದೆ.

“ಹಾಕು ನೋಡಾಣ. ಹಾಕಿದ್ ದಿನ ಬೋರ್ಡ್ ಮೇಲೆ ನಿನ್ನ ಹೆಸರಲ್ಲಿ ಒಂದು ದೋಸೆ ಬರೆಸ್ತೀನಿ.”

“ಅಕ್ಕಾ, ಬರೆಸೋದಾದ್ರೆ ನೀರ್ ದೋಸೆ ಅಂತ ಬರೆಸು,” ಎಂದ ಜಬ್ಬಾರ. ಆರು ಬೆಂಚಿನ ಜನವೂ ನಕ್ಕಿತು. ನಾನೂ ನಕ್ಕೆ. ಮನಸ್ಸಿಗೆ ಏನೂ ಹಚ್ಚಿಕೊಳ್ಳಲಿಲ್ಲ. ನೋಡಿ, ಈ ಫೋನು ಎಷ್ಟು ಸೂಕ್ಷ್ಮ! ಹಚ್ಚಿಕೊಂಡೆ, ಹಚ್ಚಿಕೊಂಡೆ. ಎರಡು ದಿನ ಅದೇ ನೆನಪಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಆರಕ್ಕೆ ಅಂಗಡಿ ಬಾಗಿಲು ತೆಗೆದೆ. ಹಾಲಮ್ಮ ತನ್ನ ತಮ್ಮನ ಮನೆಗೆ ಹೋಗಿದ್ದಳು. ದೀಪ ಹಾಕುವಷ್ಟರಲ್ಲಿ ಸೋನಾಮಸೂರಿ ಮೂಟೆಯ ಹಿಂದಿನಿಂದ ಒಂದು ಇಲಿ ಹೊರಬಂತು. ಅದರ ಹಿಂದೆ ಇನ್ನೊಂದು. ಮೊಲದಷ್ಟು ದಪ್ಪ. ಬೇಡ, ಬೇಡ, ಮಾಮೂಲಿ ಇಲಿ, ಮಾಮೂಲಿ ದಪ್ಪ. ಆದರೆ ಹನ್ನೊಂದು ಇದ್ದವು, ಆ ಲೆಕ್ಕದಲ್ಲಿ ತಪ್ಪಿಲ್ಲ, ಪೇಪರು ನೋಡಿ. ಮೇಡಂ, ಚಿರತೆಯ ಕಥೆ ಹೇಳುವುದು ಬೇರೆ. ಇಲಿ ಬೇರೆ. ಇಲಿಯ ಬಾಲ ಕಂಡರೆ ನಾನು ಎತ್ತರದ ಜಾಗ ಹುಡುಕುವವನು. ನಾನು ಹೇಗೆ ಹತ್ತಿದೆನೋ ಗೊತ್ತಿಲ್ಲ, ಏಳು ಮೂಟೆಯ ಅಟ್ಟಿಯ ಮೇಲೆ ಕೂತಿದ್ದೆ. ಕೈಯಲ್ಲಿ ಫೋನಿತ್ತು. ಅದರ ಟಾರ್ಚು ಹಾಕಿಕೊಂಡು ಮೂಲೆ ಮೂಲೆಗೆ ಬಿಡುತ್ತಾ ತಿಪ್ಪಮ್ಮನಿಗೆ ಫೋನು ಮಾಡಿದೆ. ಇಷ್ಟು ಬೇಗ ಎದ್ದಿರುವವಳು ಅವಳೊಬ್ಬಳೇ.

ಅವಳು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದವಳು ಹಾಗೇ ಬಿಟ್ಟು, ಗೊಬ್ಬರದ ಅಂಗಡಿಯವನನ್ನು ಎಬ್ಬಿಸಿ, ಇಲಿ ಪಾಷಾಣದ ಪೊಟ್ಟಣ ತಂದಳು. ನನ್ನ ಅಂಗಡಿಯೊಳಗೆ ಬಂದು, ಪೊಟ್ಟಣ ಮೇಲೆತ್ತಿ ಹಿಡಿದು, ನನ್ನನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಇಳಿ ಕೆಳಗೆ.”

“ಇಲಿಗಳು ಹೋದವಾ?”

“ಎಲ್ಲಿ ಹೋಗ್ತವೆ? ಅವೂ ನಿನ್ನ ನೋಡ್ತಾ ನಗ್ತಾ ಕೂತವೆ.”

“ಯಾರಿಗೂ ಹೇಳ್ಬೇಡ ಕಣೇ ತಿಪ್ಪಮ್ಮ. ಅಕ್ಕಿ ಅಂಗಡೀಲಿ ಇಲಿ ಅಂದ್ರೆ ಒಂದು ಕಾಳು ಹೋಗಲ್ಲ. ನನ್ನ ಬಾಳು ಮುಗೀತು.”

“ಹೇಳಲ್ಲ ಬಿಡು,” ಎಂದಳು. ನಗು ನಿಲ್ಲಿಸಿ ಹೇಳಿದಳು. “ಮಾತು ಕೊಟ್ಟೆ. ಹೇಳಲ್ಲ.” ಮೂಲೆ ಮೂಲೆಗೆ ಅವಳೇ ಪಾಷಾಣ ಇಟ್ಟು, ನನ್ನ ಬಕೆಟ್ಟಿನಲ್ಲೇ ಸೋಪು ಹಾಕಿ ಎರಡು ಸಲ ಕೈ ತೊಳೆದು, ಈರುಳ್ಳಿಗೆ ವಾಪಸ್ ಹೋದಳು.

ಒಂಬತ್ತು ಗಂಟೆಗೆ ಗ್ರೂಪಿಗೆ ಒಂದು ಮೆಸೇಜು ಬಂತು. ಕಟ್ಟೆಯ ನಂಬರಿನಿಂದ. ಬೇವಿನ ಮರದ ಕಟ್ಟೆಗೆ ಪಂಚಾಯಿತಿಯವರು ಒಂದು ಫೋನನ್ನು ಸರಪಳಿ ಹಾಕಿ ಕಟ್ಟಿದ್ದಾರೆ, ಫೋನಿಲ್ಲದವರ ಅನುಕೂಲಕ್ಕೆ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಅದರಿಂದ ಏನು ಬೇಕಾದರೂ ಹಾಕಬಹುದು. ಬಂದದ್ದು ಒಂದು ಫೋಟೋ, ಕೆಳಗೆ ಮೂರು ಸಾಲು. ಫೋಟೋದಲ್ಲಿ ತಿಪ್ಪಮ್ಮ ಪಾಷಾಣದ ಪೊಟ್ಟಣ ಎತ್ತಿ ಹಿಡಿದು ನಗುತ್ತಿದ್ದಾಳೆ. ಮೇಲಿನಿಂದ ತೆಗೆದದ್ದು, ಅವಳ ಬೈತಲೆ ಚೆನ್ನಾಗಿ ಕಾಣುತ್ತಿತ್ತು. ಮೂರು ಸಾಲು ಹೀಗಿದ್ದವು. ಬೆಳಿಗ್ಗೆ ಆರೂವರೆ: ತಿಪ್ಪಮ್ಮನ ಕೈಯಲ್ಲಿ ಇಲಿ ಪಾಷಾಣ. ಬೆಳಿಗ್ಗೆ ಎಂಟು: ಅದೇ ಕೈಯಲ್ಲಿ ಉಪ್ಪಿಟ್ಟು. ನಿನ್ನೆ: ತಿಪ್ಪಮ್ಮನ ಹೋಟೆಲಿನಿಂದ ಹೋದ ಜಬ್ಬಾರನಿಗೆ ಹೊಟ್ಟೆನೋವು.

ಊರೆಲ್ಲ ಬಚ್ಚಲಿಗೆ ಓಡಿ ಫೋನು ನೋಡಿತು. ಒಂದು ಹನಿಯಿಲ್ಲ. ಮೇಷ್ಟ್ರು ಹೆಬ್ಬೆರಳು ಎಳೆದು, ಬೆಳಕಿಗೆ ಹಿಡಿದು, ನಂಬಿಕೆಯಾಗದೆ ಮೂಗಿನ ತುದಿಗೂ ಮುಟ್ಟಿಸಿ ನೋಡಿ ಬರೆದರು: ‘ಒಣ. ಮೂರೂ ಸಾಲು ಒಣ.’

ಎಂಟೂವರೆಗೆ ಉಪ್ಪಿಟ್ಟು ತಿಂದಿದ್ದವರೆಲ್ಲ ಹೊಟ್ಟೆ ಮುಟ್ಟಿಕೊಂಡರು. ಮುಟ್ಟಿಕೊಂಡ ತಕ್ಷಣ ನೋವು ಶುರುವಾಯಿತು. ನಿನ್ನೆಯ ಹೊಟ್ಟೆನೋವಿಗೆ ಇವತ್ತು ತಂದ ಪಾಷಾಣ ಹೇಗೆ ಕಾರಣವಾಯಿತು ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದು ಯಾಕೆ, ಒಣಗಿದೆಯಲ್ಲ? ಜಬ್ಬಾರನಿಗೂ ಅನುಮಾನ ಬರಲಿಲ್ಲ. ಅವನು ತನ್ನ ಹೊಟ್ಟೆನೋವು ಇಷ್ಟು ದೊಡ್ಡ ಸುದ್ದಿಯಾಯಿತಲ್ಲ ಎಂಬ ಖುಷಿಯಲ್ಲಿ ಆಟೋದ ಮುಂದೆ ನಿಂತು ಎಲ್ಲರಿಗೂ ನೋವಿದ್ದ ಜಾಗ ತೋರಿಸುತ್ತಿದ್ದ.

ಮಧ್ಯಾಹ್ನ ಮೇಷ್ಟ್ರು ಹತ್ತು ಜನರನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು. ನಾನು ನನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. “ನೋಡಮ್ಮ ತಿಪ್ಪಮ್ಮ, ಈ ಫೋಟೋ,” ಎಂದು ಫೋನು ಮುಂದೆ ಹಿಡಿದರು.

“ಅದನ್ನ ನಾನ್ಯಾಕೆ ನೋಡ್ಲಿ ಮೇಷ್ಟ್ರೇ? ಪಾಷಾಣ ತಂದಿದ್ದು ನಾನೇ. ತಂದವಳಿಗೆ ಗೊತ್ತಿಲ್ವಾ?”

“ಯಾರಿಗೆ ತಂದೆ?”

ಅವಳು ರಸ್ತೆಯ ಆಚೆ ನನ್ನ ಕಡೆ ಒಂದು ಸಲ ನೋಡಿದಳು. ನಾನು ತಕ್ಕಡಿ ಒರೆಸತೊಡಗಿದೆ.

“ಅದು ಹೇಳಕಾಗಲ್ಲ. ಮಾತು ಕೊಟ್ಟಿದ್ದೀನಿ.”

“ಹಾಗಾದ್ರೆ ಒಂದು ಮೆಸೇಜ್ ಹಾಕ್ಬಿಡು. ಅಡುಗೇಲಿ ನಾನು ಪಾಷಾಣ ಹಾಕಿಲ್ಲ ಅಂತ. ನನ್ನ ಫೋನೇ ಕೊಡ್ತೀನಿ. ಒಣಗಿದ್ರೆ ಅಲ್ಲಿಗೆ ಮುಗೀತು.”

ತಿಪ್ಪಮ್ಮ ಸೌಟು ಕೆಳಗಿಟ್ಟಳು. “ಇಪ್ಪತ್ತೆರಡು ವರ್ಷ ನನ್ನ ಕೈಯಲ್ಲಿ ತಿಂದಿದ್ದೀರಿ. ನಿಮ್ಮ ಮಗಳ ಬಾಣಂತನಕ್ಕೆ ಸಾರು ಮಾಡಿ ಕಳಿಸಿದ್ದು ಇದೇ ಕೈ. ಈಗ ನನ್ನ ಮಾತನ್ನ ಗಾಜಿನ ಮೇಲೆ ಬೆರಳಾಡಿಸಿ ನೋಡ್ಬೇಕಾ? ನಾನು ಮೆಸೇಜ್ ಹಾಕಲ್ಲ. ತಿಪ್ಪಮ್ಮ, ಇದರಲ್ಲಿ ಏನು ಹಾಕಿದ್ದೀಯ ಅಂತ ಬಾಯಿಬಿಟ್ಟು ಕೇಳಿ, ಬಾಯಿಬಿಟ್ಟು ಹೇಳ್ತೀನಿ. ಕೇಳ್ರಿ.”

ಯಾರೂ ಕೇಳಲಿಲ್ಲ ಮೇಡಂ. ಅಭ್ಯಾಸವಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಫೋನು ನೋಡಿಕೊಂಡು, ಹೊರಟುಹೋದರು. ಸಂಜೆ ಗ್ರೂಪಿಗೆ ಮೇಷ್ಟ್ರು ಬರೆದರು: ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಟ್ಟೆಯಲ್ಲಿ ತೀರ್ಮಾನ, ತಿಪ್ಪಮ್ಮನ ಹೋಟೆಲಿಗೆ ಬೀಗ ಹಾಕಬೇಕೆನ್ನುವವರು ಹೆಬ್ಬೆರಳು ಒತ್ತಿ. ಊಟದ ಹೊತ್ತಿಗೆ ಇನ್ನೂರ ಹನ್ನೆರಡು ಹೆಬ್ಬೆರಳು ಬಿದ್ದಿದ್ದವು.

ಗುರುವಾರವೂ ಅವಳು ಉಪ್ಪಿಟ್ಟು ಮಾಡಿದಳು. ನಾನು ಎದುರಿಗೇ ಇದ್ದೆನಲ್ಲ, ಎಲ್ಲ ಕಾಣುತ್ತಿತ್ತು. ಎಂಟು ಗಂಟೆಗೆ ಬೆಂಚು ಒರೆಸಿದಳು. ಒಂಬತ್ತಕ್ಕೆ ಇನ್ನೊಂದು ಸಲ ಒರೆಸಿದಳು. ಹತ್ತಕ್ಕೆ ಉಪ್ಪಿಟ್ಟನ್ನೆಲ್ಲ ಎಮ್ಮೆಗೆ ಹಾಕಿಸಿದಳು. ಎಮ್ಮೆ ತಿಂದು ಆರಾಮಾಗಿ ಮಲಗಿತು, ಅದನ್ನೂ ಯಾರೂ ಗಮನಿಸಲಿಲ್ಲ. ಎಮ್ಮೆ ಗ್ರೂಪಿನಲ್ಲಿರಲಿಲ್ಲ.

ಶುಕ್ರವಾರ ನನಗೆ ತಡೆಯಲಿಲ್ಲ. ಮೆಸೇಜು ಬರೆದೆ. ‘ಬಂಧುಗಳೇ, ಪಾಷಾಣ ತರಿಸಿದ್ದು ನಾನು. ನಮ್ಮ ಮನೆಗೆ ಒಂದು ಇಲಿ ಬಂದಿತ್ತು. ನಾನು ಅದನ್ನು ಕೋಲು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದೆ, ಕೈ ಬಿಡುವಿರಲಿಲ್ಲವಾದ್ದರಿಂದ ತಿಪ್ಪಮ್ಮನಿಗೆ ಹೇಳಿ ತರಿಸಿದೆ.’ ಕಳಿಸಿದೆ. ಆ ದಿನ ಊರಿನಲ್ಲಿ ಬಟ್ಟೆ ಒಗೆಯದವರಿಲ್ಲ. ಮೇಷ್ಟ್ರು ‘ಹಸಿ’ ಎಂದು ಬರೆದು, ಪಕ್ಕದಲ್ಲಿ ಕೈ ಮುಗಿಯುವ ಚಿತ್ರ ಹಾಕಿದರು. ಓಬಳೇಶ ತಿಪ್ಪಮ್ಮನ ಪರವಾಗಿ ಸುಳ್ಳು ಹೇಳುತ್ತಿದ್ದಾನೆಂದರೆ ಅವಳು ಮಾಡಿರುವುದು ಗ್ಯಾರಂಟಿ ಎಂದು ಮಾತಾಯಿತು. ಹೆಬ್ಬೆರಳು ಇನ್ನೂರ ಎಂಬತ್ತಕ್ಕೆ ಏರಿತು. ಅಲ್ಲಿಯವರೆಗೆ ಹಿಂಬಾಗಿಲಿನಿಂದ ಬಂದು ಕಾಫಿ ಕುಡಿದು ಹೋಗುತ್ತಿದ್ದ ಇಬ್ಬರು ಗಿರಾಕಿಗಳೂ ನನ್ನ ಸಹಾಯದಿಂದ ನಿಂತುಹೋದರು.

ರಸ್ತೆ ದಾಟಿ ಬಂದೆ. ಅವಳು ಖಾಲಿ ಹೋಟೆಲಿನಲ್ಲಿ ಕೂತು ಬೇಳೆ ಆರಿಸುತ್ತಿದ್ದಳು.

“ತಿಪ್ಪಮ್ಮ, ನೀನೇ ಹೇಳ್ಬಿಡು. ನಿನ್ನ ಮಾತಿಂದ ನಿನ್ನ ಬಿಟ್ಟಿದ್ದೀನಿ.”

“ನೀನು ಬಿಟ್ರೆ ಆಯ್ತಾ? ಕೊಟ್ಟಿದ್ದು ನಾನು.” ಒಂದು ಕಲ್ಲು ತೆಗೆದು ಹೊರಗೆಸೆದಳು. “ಹೇಳೋದಾದ್ರೆ ನೀನು ಹೇಳು. ಆದ್ರೆ ಓಬಳೇಶಣ್ಣ, ದಯವಿಟ್ಟು ಆ ಕೋಲು ಬಿಟ್ಟು ಹೇಳು. ಮೊನ್ನೆ ನಿನ್ನ ಕೈಯಲ್ಲಿ ಕೋಲು ಎಲ್ಲಿತ್ತೋ? ಫೋನಿತ್ತು ಅಷ್ಟೇ.”

“ಅಕ್ಕಿ ಅಂಗಡಿ ಮುಳುಗತ್ತೆ.”

“ಹೋಟ್ಲು ಮುಳುಗಿದ್ರೆ ಪರ್ವಾಗಿಲ್ವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ಬೇಳೆಗೆ ಬಗ್ಗಿದಳು. ಅವಳ ಮುಂದಿನ ಮೊರದಲ್ಲಿದ್ದದ್ದು ಒಬ್ಬರಿಗಾಗುವಷ್ಟೇ ಬೇಳೆ. ನಾನು ಅದನ್ನು ನೋಡಬಾರದಿತ್ತು. ನೋಡಿಬಿಟ್ಟೆ.

ಭಾನುವಾರ ಕಟ್ಟೆಯ ಸುತ್ತ ಸಾವಿರ ಜನ ಸೇರಿದ್ದರು. ಸರಿ ಮೇಡಂ, ಮುನ್ನೂರು. ಮೇಷ್ಟ್ರು ಬೀಗವನ್ನೂ ಜೊತೆಗೆ ತಂದಿದ್ದರು, ಹಿತ್ತಾಳೆಯದು, ಹೊಸದು. ತಿಪ್ಪಮ್ಮ ದೂರದಲ್ಲಿ ತನ್ನ ಹೋಟೆಲಿನ ಬಾಗಿಲಲ್ಲೇ ಕೈ ಕಟ್ಟಿ ನಿಂತಿದ್ದಳು. ನಾನು ಎದ್ದು ಮೇಷ್ಟ್ರ ಮುಂದೆ ಪೇಪರು ಹಾಸಿ, ಫೋನಿಟ್ಟು, ರೆಕಾರ್ಡಿಂಗ್ ಒತ್ತಿದೆ. ಹಿಂದಿನಿಂದ ಯಾರೋ “ಬಕೆಟ್ ತಗೊಂಡು ಬರ್ರೋ!” ಎಂದರು.

“ಪಾಷಾಣ ತರಿಸಿದ್ದು ನಾನು. ನಮ್ಮ ಮನೆಗೆ,” ಎಂದೆ. ತೊಟ್ಟಿಕ್ಕಿತು.

“ಮನೆಗಲ್ಲ, ಅಂಗಡಿಗೆ.” ನಿಂತಿತು. ಜನ ಮುಂದೆ ಬಾಗಿದರು.

“ಅಂಗಡಿಯಲ್ಲಿ ಒಂದೆರಡು ಇಲಿ.” ತೊಟ್ಟಿಕ್ಕಿತು. “ಐದಾರು.” ತೊಟ್ಟಿಕ್ಕಿತು. “ಹನ್ನೊಂದು!” ನಿಂತಿತು. ಹೆಂಗಸರ ಕಡೆಯಿಂದ ಅಯ್ಯಪ್ಪಾ ಎಂಬ ಸದ್ದು ಬಂತು. ಅವರಲ್ಲಿ ಮುಕ್ಕಾಲು ಪಾಲು ಜನ ಬುಧವಾರ ಸಂಜೆಯೇ ನನ್ನಲ್ಲಿ ಅಕ್ಕಿ ಒಯ್ದಿದ್ದರು.

“ನಾನು ಅವನ್ನು ಓಡಿಸಲು ಮೂಟೆ ಹತ್ತಿದೆ.” ತೊಟ್ಟಿಕ್ಕಿತು. ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ. “ಹೆದರಿ ಹತ್ತಿದೆ. ನನಗೆ ಇಲಿ ಕಂಡರೆ ಭಯ. ಚಿಕ್ಕಂದಿನಿಂದ ಭಯ. ಏಳು ಮೂಟೆಯ ಮೇಲೆ ಕೂತು ಅಳುತ್ತಾ ತಿಪ್ಪಮ್ಮನಿಗೆ ಫೋನು ಮಾಡಿದೆ. ಅವಳು ಅಡುಗೆ ಬಿಟ್ಟು ಬಂದು ಪಾಷಾಣ ಇಟ್ಟಳು. ನನ್ನ ಅಂಗಡಿಯಲ್ಲೇ ಸೋಪು ಹಾಕಿ ಎರಡು ಸಲ ಕೈ ತೊಳೆದಳು. ಯಾರಿಗೂ ಹೇಳಬೇಡ ಎಂದೆ. ಅದಕ್ಕೇ ಅವಳು ಹೇಳಲಿಲ್ಲ.”

ಕಣ್ಣು ಬಿಟ್ಟೆ. ಪೇಪರು ಗರಿಗರಿ. ಮೇಷ್ಟ್ರು ಬೆರಳು ಎಳೆದರು. ಪಕ್ಕದವರು ಎಳೆದರು. ಸಾಲಾಗಿ ಬಂದು ಮೂವತ್ತು ಜನ ಬೆರಳು ಎಳೆದರು. ಒಣ. ನನ್ನ ಹೆಸರಿನಲ್ಲಿ ಬಂದ ಮೊದಲ ಒಣ ಮೆಸೇಜು ಮೇಡಂ, ಒಂದು ಫೋಟೋ ತೆಗೆಸಿಕೊಳ್ಳಬೇಕೆನಿಸಿತು.

ಮೊದಲು ಬಾಯಿಬಿಟ್ಟವನು ಜಬ್ಬಾರ. “ಲೋ ಮಾರಾಯ! ನಿನ್ನ ಅಕ್ಕೀಲಿ ಒಣಗಾಕಿದ್ದ ನನ್ನ ಫೋನಿನ ಕವರು ಮೂಲೇಲಿ ಕಡ್ದಂಗಿತ್ತಲ್ಲ, ಅದು ನೀನೇ ಬೀಳಿಸಿದ್ದು ಅಂದಿದ್ದೆ ನೀನು!”

“ನಿನ್ನ ಹೊಟ್ಟೆನೋವು?” ಎಂದರು ಮೇಷ್ಟ್ರು, ತೀರಾ ಸಣ್ಣ ದನಿಯಲ್ಲಿ. ಆ ಮೂರನೆಯ ಸಾಲಿನ ಬಗ್ಗೆ ನಾಲ್ಕು ದಿನದಲ್ಲಿ ಊರು ಕೇಳಿದ ಮೊದಲ ಪ್ರಶ್ನೆ ಅದು.

“ಅದಾ? ಮಂಗಳವಾರ ಲೋಡಲ್ಲಿ ಮಾವಿನಕಾಯಿ ಇತ್ತು ಸಾರ್. ಹದಿನಾಲ್ಕು ತಿಂದಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಎಲ್ಲರೂ ಹೋಟೆಲಿನ ಕಡೆ ನಡೆದರು. ತಿಪ್ಪಮ್ಮ ಬಾಗಿಲಿಗೆ ಅಡ್ಡ ನಿಂತಿದ್ದವಳು ಸರಿಯಲಿಲ್ಲ. ಮೇಷ್ಟ್ರು ಬೀಗವನ್ನು ಜುಬ್ಬದ ಜೇಬಿಗೆ ಹಾಕಿಕೊಳ್ಳುತ್ತಾ, “ತಪ್ಪು ತಿಳ್ಕೋಬೇಡಮ್ಮ. ಮೂರೂ ಸಾಲು ಒಣಗಿದ್ದವಲ್ಲ, ನಾವೇನು ಮಾಡೋದು?” ಎಂದರು.

“ಸಾಲು ಒಣಗಿದ್ದವು ಸರಿ. ಸಾಲಿಗೂ ಸಾಲಿಗೂ ಮಧ್ಯೆ ಏನಿತ್ತು ಅಂತ ಯಾರಾದ್ರೂ ಮುಟ್ಟಿ ನೋಡಿದ್ರಾ ಮೇಷ್ಟ್ರೇ?” ಎಂದಳು. ಆಮೇಲೆ ಒಲೆಯ ಮೇಲಿದ್ದ ಉಪ್ಪಿಟ್ಟಿನ ಪಾತ್ರೆ ತೋರಿಸಿ, “ಕೇಳ್ರಿ,” ಎಂದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಮೂವತ್ತೈದು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವರು, ಆ ದಿನ ಒಂದು ಪ್ರಶ್ನೆ ಕೇಳಲು ಬೆವರಿದರು. “ತಿಪ್ಪಮ್ಮ, ಇದ್ರಲ್ಲಿ ಏನು ಹಾಕಿದ್ದೀಯ?”

“ರವೆ. ಈರುಳ್ಳಿ. ಹಸಿಮೆಣಸಿನಕಾಯಿ. ಕರಿಬೇವು. ಉಪ್ಪು ಒಂಚೂರು ಜಾಸ್ತಿ ಆಗೈತೆ, ಸಿಟ್ಟಲ್ಲಿದ್ದೆ. ಒಳಗೆ ಬನ್ನಿ. ಮುಂದಿನೋರು ಕೇಳಿ.”

ಮುನ್ನೂರು ಜನರೂ ಒಬ್ಬೊಬ್ಬರಾಗಿ ಕೇಳಿ ಒಳಗೆ ಹೋದರು. ಅವಳು ಮುನ್ನೂರು ಸಲವೂ ಹೇಳಿದಳು. ಕರಿಬೇವು ಒಂದು ಸಲವೂ ಬಿಟ್ಟುಹೋಗಲಿಲ್ಲ. ಅವತ್ತಿನಿಂದ ನಮ್ಮೂರಿಗೆ ಇನ್ನೊಂದು ಚಟ ಅಂಟಿದೆ. ಮೆಸೇಜು ಒಣಗಿದ್ದರೂ ಒಂದು ಸಲ ಹೋಗಿ ಕೇಳಿ ಬರುತ್ತಾರೆ. ಇದರಿಂದ ಚಪ್ಪಲಿ ಸವೆದಿದೆ, ಗ್ರೂಪು ತಣ್ಣಗಾಗಿದೆ, ನೀರಂತೂ ಅರ್ಧಕ್ಕಿಳಿದಿದೆ. ಆದ್ದರಿಂದ ಮೇಡಂ, ಒಂದು ಟ್ಯಾಂಕು ಕಟ್ಟಿಸಿಕೊಟ್ಟರೆ ಉಪಕಾರವಾಗುತ್ತದೆ, ಬರೆದುಕೊಳ್ಳಿ. ನನ್ನ ಅಂಗಡಿಗೆ ಎರಡು ತಿಂಗಳು ನೊಣವೂ ಬರಲಿಲ್ಲ. ಈಗ ಬೆಕ್ಕು ಸಾಕಿದ್ದೇನೆ, ಹುಲಿಯಂಥದ್ದು. ಸರಿ, ಬೆಕ್ಕಿನಂಥದ್ದೇ.

ಓ, ದೋಸೆ ಬಂತು. ತಿಪ್ಪಮ್ಮ ಮಾತಿಗೆ ತಪ್ಪುವವಳಲ್ಲ, ಮಾರನೆಯ ದಿನವೇ ಬೋರ್ಡಿನ ಮೇಲೆ ಹೆಸರು ಬರೆಸಿದಳು. ಮೇಲೆ ನೋಡಿ, ಎಷ್ಟು ಕೆಂಪಗಿದೆ! ಎತ್ತಿ ನೋಡಬೇಡಿ, ಹಾಗೇ ತಿನ್ನಿ. ಎತ್ತಿಬಿಟ್ಟಿರಾ? ಹೌದು, ಆ ಕಡೆ ಬೆಳ್ಳಗೆ ಹಸಿಹಸಿ. ಈ ಹೋಟೆಲಿನಲ್ಲಿ ಎಲ್ಲ ದೋಸೆಯನ್ನೂ ಎರಡೂ ಕಡೆ ಬೇಯಿಸುತ್ತಾಳೆ, ಇದೊಂದನ್ನು ಮಾತ್ರ ತಿರುವಿ ಹಾಕುವುದಿಲ್ಲ. ಯಾಕೆಂದು ಕೇಳಿದ್ದೆ. “ಇನ್ನೊಂದು ಕಡೇದನ್ನೂ ನೀನು ಹೇಳಿದ್ ದಿನ ತಿರುವಿ ಹಾಕ್ತೀನಿ ಓಬಳೇಶಣ್ಣ,” ಎಂದಳು. ಹೆಂಗಸರ ಮಾತು, ಏನರ್ಥವೋ.

ಏನಂದಿರಿ? ಫೋಟೋ ಮೇಲಿನಿಂದ ತೆಗೆದದ್ದು ಅಂದೆನೇ? ಅಂದೆ. ಮೂಟೆಗಳ ಮೇಲೆ ಎಷ್ಟು ಜನ ಕೂತಿದ್ದಿರಿ ಎಂದಾ? ಮೇಡಂ, ನೀವು ನೀರಿನ ಆಫೀಸಿನವರೋ, ಪೊಲೀಸಿನವರೋ? ಒಬ್ಬನೇ. ಆದರೆ ಅಷ್ಟಕ್ಕೇ ಹೀಗೆ ನೋಡಿದರೆ ಹೇಗೆ? ಕಟ್ಟೆಯಲ್ಲಿ ಆ ದಿನ ಫೋಟೋದ ವಿಷಯ ಯಾರೂ ಕೇಳಲಿಲ್ಲ, ಕೇಳದ ಪ್ರಶ್ನೆಗೆ ನಾನೂ ಉತ್ತರ ಹೇಳಲಿಲ್ಲ. ಈಗ ನೀವು ಕೇಳಿದ್ದಕ್ಕೆ ಹೇಳುತ್ತಿದ್ದೇನೆ: ಅದನ್ನು ಯಾರು ತೆಗೆದರೋ, ಕಟ್ಟೆಯ ಫೋನಿಗೆ ಯಾರು ಹಾಕಿದರೋ, ನನಗೆ ಈ ಕ್ಷಣದವರೆಗೂ ಗೊತ್ತಿಲ್ಲ. ಅದು ಚಟ್ನಿಯ ನೀರು ಮೇಡಂ. ಈಚೆಗೆ ಚಟ್ನಿ ತೆಳ್ಳಗೆ ಮಾಡುತ್ತಾಳೆ. ನಿಮ್ಮ ಫೈಲು ಸ್ವಲ್ಪ ಎತ್ತಿಕೊಳ್ಳಿ, ಈ ಕಡೆಯೂ ಹರಿಯುತ್ತಿದೆ. ಪಂದ್ಯ ಗೆದ್ದೆ, ಹಾಕಿದ್ದು ನಾನೇ ಎಂದು ಮಧ್ಯಾಹ್ನದೊಳಗೆ ಹೇಳಿ ಎಲ್ಲರನ್ನೂ ನಗಿಸೋಣ ಎಂದುಕೊಂಡವನಿಗೆ, ಅಷ್ಟರಲ್ಲೇ ಊರು ಹಾಗೆ ತಿರುಗಿಬಿದ್ದರೆ, ಬಾಯಿ ಬರುತ್ತದೆಯೇ? ಅಂದರೆ, ಹಾಗೆ ಅಂದುಕೊಂಡವನು ಯಾರಾದರೂ ಇದ್ದಿದ್ದರೆ ಎಂದು ನನ್ನ ಊಹೆ. ತಟ್ಟೆ ಎತ್ತಿಕೊಂಡು ಎಲ್ಲಿಗೆ ಹೊರಟಿರಿ? ತಿರುವಿ ಹಾಕಿಸಿಕೊಂಡು ಬರುತ್ತೀರಾ? ಬೇಡ ಮೇಡಂ, ಅಡುಗೆಮನೆಗೆಲ್ಲ ಯಾಕೆ, ಅವಳನ್ನು ಕೇಳುವಂಥದ್ದು ಏನಿದೆ, ನಾನೇ ಹೇಳುತ್ತಿದ್ದೇನಲ್ಲ, ಆ ದಿನ ಮೂಟೆಯ ಮೇಲೆ ಕೂತಿದ್ದಾಗ ನನ್ನ ಬೆರಳು ಸುಮ್ಮನೆ